ಹೊಸ ಶೆಡ್ಡಿಗೆ ಹೋದ ಕಂಪ್ರೆಸರ್ ಮತ್ತು ಎರಡು ಸೇಫ್ಟಿ ವಾಲ್ವ್: ಒಂದು ಪ್ರಕರಣ ಅಧ್ಯಯನ

ಇದರಲ್ಲಿ ಬರೋ ಜನರ ಹೆಸರು, ಜಾಗ, ಮಷಿನ್ ಕಂಪನಿ ಯಾವುದನ್ನೂ ಹೇಳಲ್ಲ. ಓನರ್, ಮೇಸ್ತ್ರಿ, ಹುಡುಗ ಅಂತಷ್ಟೇ ಕರೀತೀನಿ. ಮೇಸ್ತ್ರಿ ಅಂದ್ರೆ ಅಲ್ಲಿನ ಹಿರಿಯ ಮೆಕ್ಯಾನಿಕ್, ಅವರು ಕರೆದಿದ್ದಕ್ಕೆ ನಾನು ಮಷಿನ್ ನೋಡೋಕೆ ಹೋಗಿದ್ದು.

ಹಿನ್ನೆಲೆ

ಒಂದು ವಾಹನ ರಿಪೇರಿ ವರ್ಕ್‌ಶಾಪು. ಟಿಂಕರಿಂಗ್, ಪೇಂಟಿಂಗ್, ಟೈರಿಗೆ ಗಾಳಿ, ಇಂಪ್ಯಾಕ್ಟ್ ಗನ್, ಎಲ್ಲದಕ್ಕೂ ಸೇರಿ ಒಂದೇ ಕಂಪ್ರೆಸರ್. 5 ಎಚ್‌ಪಿ ತ್ರೀ ಫೇಸ್ ಮೋಟರ್, ಬೆಲ್ಟ್ ಡ್ರೈವ್, ಎರಡು ಸ್ಟೇಜಿನ ಪಿಸ್ಟನ್ ಪಂಪ್, ಕೆಳಗೆ ಅಡ್ಡ ಮಲಗಿಸಿದ 250 ಲೀಟರ್ ಟ್ಯಾಂಕ್. ಟ್ಯಾಂಕಿನ ಪ್ಲೇಟ್ ಮೇಲೆ ಗರಿಷ್ಠ ಒತ್ತಡ 11 ಬಾರ್ ಅಂತ ಇತ್ತು, ಸೇಫ್ಟಿ ವಾಲ್ವ್ (ಒತ್ತಡ ಮಿತಿ ಮೀರಿದ್ರೆ ತಾನಾಗೇ ತೆರೆದು ಗಾಳಿ ಬಿಡೋದು) 10.5ಕ್ಕೆ ಸೆಟ್ ಆಗಿತ್ತು, ಪ್ರೆಷರ್ ಸ್ವಿಚ್ (ಒತ್ತಡ ನೋಡಿ ಮೋಟರ್ ಓಡಿಸಿ ನಿಲ್ಲಿಸೋದು) 7ಕ್ಕೆ ಆನ್ 9ಕ್ಕೆ ಆಫ್. ಹಳೇ ಜಾಗದಲ್ಲಿ ವರ್ಷಗಟ್ಟಲೆ ಯಾರಿಗೂ ತೊಂದರೆ ಕೊಡದೆ ಓಡಿತ್ತು ಈ ಮಷಿನ್, ಅದಕ್ಕೇ ಶಿಫ್ಟ್ ಮಾಡುವಾಗ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಲಿಫ್ಟು ಎಲ್ಲಿ ಬರ್ಬೇಕು ಪೇಂಟ್ ಬೂತ್ ಎಲ್ಲಿ ಬರ್ಬೇಕು ಅಂತ ಚರ್ಚೆ ಆಗಿದ್ದೇ ಆಗಿದ್ದು, ಕಂಪ್ರೆಸರ್‌ನ ಮಾತ್ರ ಕೊನೆಗೆ ಉಳಿದ ಮೂಲೆಗೆ ತಳ್ಳಿದ್ರು.

ಆ ಮೂಲೆ ಅಂದ್ರೆ ಪೇಂಟ್ ಬೂತಿನ ಹಿಂದೆ ಒಂದು ಚಿಕ್ಕ ರೂಮು. ಬಾಗಿಲು ಒಂದೇ, ಕಿಟಕಿ ಇಲ್ಲ. ಬೆಲ್ಟ್ ಗಾರ್ಡ್ ಇರೋ ಕಡೆ ಗೋಡೆಗೆ ಒಂದು ಗೇಣು ಜಾಗ. ನೆಲ ಸಮ ಇರಲಿಲ್ಲ, ನಾಲ್ಕು ಕಾಲಲ್ಲಿ ಒಂದು ಕಾಲು ಗಾಳೀಲಿ ತೇಲ್ತಿತ್ತು, ಅದಕ್ಕೆ ಪ್ಯಾಕಿಂಗ್ ಕೊಡೋ ಬದಲು ಆಂಕರ್ ಬೋಲ್ಟ್ ಹೊಡೆದು ಸ್ಪ್ಯಾನರಲ್ಲಿ ಎಳೆದು ಎಳೆದು ಆ ಕಾಲನ್ನ ನೆಲಕ್ಕೆ ಕೂರಿಸಿದ್ರು. ಕೆಳಗೆ ರಬ್ಬರ್ ಪ್ಯಾಡೂ ಇಲ್ಲ. ಗಟ್ಟಿಯಾಗಿ ಕೂತಿದೆ, ಅಲ್ಲಾಡಲ್ಲ ಅಂತ ಎಲ್ಲರಿಗೂ ಸಮಾಧಾನ. ಈ ಕಾಲನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಇದೇ ದೊಡ್ಡ ವಿಷಯ ಆಗುತ್ತೆ.

ಕರೆಂಟ್ ಕನೆಕ್ಷನ್ ಕೊಟ್ಟವರು ಮೂರು ವೈರ್ ಜೋಡಿಸಿ ಸ್ವಿಚ್ ಒತ್ತಿದ್ರು, ಮಷಿನ್ ತಿರುಗ್ತು, ಟ್ಯಾಂಕ್ ತುಂಬ್ತು, ಹೊರಟುಹೋದ್ರು. ಯಾವ ಕಡೆ ತಿರುಗ್ತಿದೆ ಅಂತ ಯಾರೂ ನೋಡಿಲ್ಲ.

ಸಮಸ್ಯೆ ಶುರುವಾಗಿದ್ದು ಒಂದೊಂದಾಗಿ

ಮೊದಲು ಬಂದ ಕಂಪ್ಲೇಂಟು ಪೇಂಟರ್‌ದು. ಗನ್ನಲ್ಲಿ ನೀರು ಬರ್ತಿದೆ, ಬಣ್ಣದ ಮೇಲೆ ಗುಳ್ಳೆ ಏಳ್ತಿದೆ ಅಂತ. ಆಮೇಲೆ ಇಂಪ್ಯಾಕ್ಟ್ ಗನ್ ಹಿಡಿದವನು, ಕೊನೇ ಬೇ (ಗಾಡಿ ನಿಲ್ಲಿಸಿ ಕೆಲಸ ಮಾಡೋ ಜಾಗ) ಹತ್ರ ಪ್ರೆಷರೇ ಇಲ್ಲ, ನಟ್ ಬಿಚ್ಚೋಕಾಗ್ತಿಲ್ಲ ಅಂದ. ಆಮೇಲೆ ಮಷಿನ್ ನಿಂತಾಗೆಲ್ಲ ಪ್ರೆಷರ್ ಸ್ವಿಚ್ ಕೆಳಗಿಂದ ಸುಯ್ ಅಂತ ಗಾಳಿ ನಿಲ್ಲದೆ ಹೋಗೋಕೆ ಶುರುವಾಯ್ತು. ಆಮೇಲೆ ಸ್ಟಾರ್ಟರ್ ಟ್ರಿಪ್, ಅಂದ್ರೆ ಮೋಟರ್ ಸ್ವಿಚ್ ತಾನಾಗೇ ಆಫ್ ಆಗೋದು.

ಒಂದೊಂದಕ್ಕೂ ಒಬ್ಬೊಬ್ಬರು ಒಂದೊಂದು ಪರಿಹಾರ ಮಾಡಿದ್ರು. ಅದೂ ಎಂಥ ಪರಿಹಾರ ನೋಡಿ.

ಸುಯ್ ಅನ್ನೋ ಶಬ್ದಕ್ಕೆ: ಅನ್‌ಲೋಡರ್‌ಗೆ ಹೋಗೋ ಸಣ್ಣ ತಾಮ್ರದ ಟ್ಯೂಬನ್ನ ಯಾರೋ ಕಟಿಂಗ್ ಪ್ಲೇಯರಲ್ಲಿ ಹಿಂಡಿ, ಮಡಚಿ, ಮೇಲೆ ಟೇಪ್ ಸುತ್ತಿದ್ರು. ಶಬ್ದ ನಿಂತೇ ಹೋಯ್ತು. ಆದ್ರೆ ಆ ಟ್ಯೂಬ್ ಇರೋದೇ ಮಷಿನ್ ನಿಂತ ತಕ್ಷಣ ಪಂಪಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡ ಗಾಳೀನ ಹೊರಗೆ ಬಿಡೋಕೆ, ಮುಂದಿನ ಸಲ ಮೋಟರ್ ಖಾಲಿ ಪಂಪನ್ನ ಆರಾಮಾಗಿ ತಿರುಗಿಸ್ಲಿ ಅಂತ. ನಿಂತಾಗ ಒಂದೆರಡು ಸೆಕೆಂಡ್ ಪುಸ್ ಅಂದು ನಿಂತ್ರೆ ಅದು ಆರೋಗ್ಯ. ನಿಲ್ಲದೆ ಹೋಗ್ತಾನೇ ಇದ್ರೆ ಟ್ಯಾಂಕ್ ಬಾಯಲ್ಲಿರೋ ಎನ್‌ಆರ್‌ವಿ (ಗಾಳಿ ವಾಪಸ್ ಬರದ ಹಾಗೆ ತಡೆಯೋ ವಾಲ್ವ್) ಹಿಡೀತಿಲ್ಲ, ಟ್ಯಾಂಕಿನ ಗಾಳಿ ವಾಪಸ್ ಬರ್ತಿದೆ ಅಂತ ಅರ್ಥ. ಸರಿ ಮಾಡ್ಬೇಕಾಗಿದ್ದು ಎನ್‌ಆರ್‌ವಿನ, ಬಾಯಿ ಮುಚ್ಚಿಸಿದ್ದು ಟ್ಯೂಬಿನದು.

ಟ್ಯೂಬ್ ಮುಚ್ಚಿದ ಮೇಲೆ ಏನಾಗ್ಬೇಕೋ ಅದೇ ಆಯ್ತು, ಮೋಟರ್ ಪ್ರತಿ ಸಲ ತುಂಬಿದ ಒತ್ತಡದ ಎದುರು ಸ್ಟಾರ್ಟ್ ಆಗ್ಬೇಕು, ಹೂಂ ಅಂತ ಗುಂಯ್‌ಗುಟ್ಟಿ ಟ್ರಿಪ್. ಅದಕ್ಕೆ ಪರಿಹಾರ ಓವರ್‌ಲೋಡ್ ರಿಲೇ, ಅಂದ್ರೆ ಮೋಟರ್ ಜಾಸ್ತಿ ಕರೆಂಟ್ ಎಳೆದ್ರೆ ಆಫ್ ಮಾಡೋ ಕಾವಲು, ಅದರ ಮಿತಿ ತಿರುಗಿಸಿ ಏರಿಸೋದು. ಮೋಟರ್ ಪ್ಲೇಟಲ್ಲಿ 7.5 ಆಂಪ್ ಇದೆ, ನಾನು ನೋಡಿದಾಗ ರಿಲೇ 10ರ ಹತ್ರ ನಿಂತಿತ್ತು. ಟ್ರಿಪ್ ಕಮ್ಮಿ ಆಯ್ತು, ಮೋಟರ್ ಮುಟ್ಟೋಕಾಗದಷ್ಟು ಬಿಸಿ ಆಗೋಕೆ ಶುರುವಾಯ್ತು.

ಕೊನೇ ಬೇಗೆ ಪ್ರೆಷರ್ ಸಾಲ್ತಿಲ್ಲ ಅನ್ನೋದಕ್ಕೆ ಹುಡುಗ ಪ್ರೆಷರ್ ಸ್ವಿಚ್ ಕವರ್ ತೆಗೆದು, ಗೇಜ್ ನೋಡ್ಕೊಂಡು, ಸ್ಪ್ರಿಂಗಿನ ನಟ್ ತಿರುಗಿಸಿ ಕಟ್‌ಆಫ್ 9.5ಕ್ಕೆ ಏರಿಸೋಕೆ ಹೊರಟ. ಅಲ್ಲಿ ಕಥೆ ತಿರುವು ತಗೊಳ್ತು, ಯಾಕಂದ್ರೆ ಗೇಜ್ 9.3 ಮುಟ್ಟಿದ ಕೂಡ್ಲೇ ಸೇಫ್ಟಿ ವಾಲ್ವ್ ಹಾರಿ ಇಡೀ ಶೆಡ್ಡೇ ಬೆಚ್ಚಿಬಿತ್ತು.

ವಾಲ್ವ್ ಹಾಳಾಗಿದೆ ಅಂತ ಎಲ್ಲರೂ ಒಪ್ಪಿದ್ರು

10.5ಕ್ಕೆ ಸೆಟ್ ಆಗಿರೋ ವಾಲ್ವ್ 9.3ಕ್ಕೇ ತೆರೆದ್ರೆ ಸ್ಪ್ರಿಂಗ್ ಲೂಸ್ ಆಗಿದೆ ಅಂತ ತಾನೇ ಅಂದ್ಕೊಳ್ಳೋದು. ಓನರ್ ಹೊಸ ವಾಲ್ವ್ ತರಿಸಿದ್ರು, ಅದೂ 10.5ರದ್ದೇ, ಸೀಲ್ ಇದ್ದ ಒಳ್ಳೇ ಮಾಲು. ಹಾಕಿದ್ರು. ಅದೂ ಸರಿಯಾಗಿ ಗೇಜ್ 9.3 ತೋರಿಸೋವಾಗ ಹಾರ್ತು.

ಆಗ ಹುಡುಗ ಅಂದನಂತೆ, "ಅಣ್ಣಾ, ಇದು ಬೇಡ್ವೇ ಬೇಡ, ಒಂದು ಡಮ್ಮಿ ಹಾಕಿ ಟೈಟ್ ಮಾಡ್ಬಿಡೋಣ, ಹೆಂಗೂ ಪ್ರೆಷರ್ ಸ್ವಿಚ್ ಕಟ್ ಮಾಡುತ್ತಲ್ಲ." ಓನರ್‌ಗೂ ಅದೇ ಸರಿ ಅನ್ನಿಸಿತ್ತು, ಮೂರು ಗಾಡಿ ಪೇಂಟಿಗೆ ಕಾಯ್ತಿದ್ವು, ಕಸ್ಟಮರ್ ಫೋನ್ ಮೇಲೆ ಫೋನ್. ಕೈಯಲ್ಲಿ ಡಮ್ಮಿ ಪ್ಲಗ್ (ವಾಲ್ವ್ ತೂತನ್ನ ಮುಚ್ಚಿಬಿಡೋ ಬಿರಡೆ) ಇತ್ತು, ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಕೂಡ ಸುತ್ತಾಗಿತ್ತು.

ಮೇಸ್ತ್ರಿ ಅದನ್ನ ಕೈಯಿಂದ ಕಿತ್ಕೊಂಡು ಒಂದೇ ಮಾತು ಹೇಳಿದ್ರು. "ಸಾರ್, ಹಳೇದೂ 9.3, ಹೊಸದೂ 9.3. ಎರಡು ವಾಲ್ವ್ ಮಾತಾಡ್ಕೊಂಡು ಒಂದೇ ಸುಳ್ಳು ಹೇಳ್ತವಾ? ಬದಲಾಗ್ದೆ ಇರೋದು ಮೀಟರ್ ಒಂದೇ."

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಈ ಕ್ಷಣ. ಅವರತ್ರ ಯಾವ ಉಪಕರಣವೂ ಇರ್ಲಿಲ್ಲ, ಬರೀ ಯೋಚನೆ. ಎರಡು ಬೇರೆ ಬೇರೆ ವಾಲ್ವ್ ಒಂದೇ ಅಂಕಿ ತೋರಿಸಿದ್ರೆ ಅನುಮಾನ ಬರ್ಬೇಕಾಗಿದ್ದು ಎರಡಕ್ಕೂ ಸಾಮಾನ್ಯವಾಗಿರೋ ವಸ್ತು ಮೇಲೆ. ನಾವು ಮಾಮೂಲಿಯಾಗಿ ಗೇಜನ್ನ ನಂಬ್ತೀವಿ, ಮುಳ್ಳು ಕಾಣುತ್ತಲ್ಲ. ವಾಲ್ವ್ ಮಾತಾಡಿದ್ರೆ ಅದು ಕೆಟ್ಟಿದೆ ಅಂತೀವಿ.

ಆಮೇಲೆ ಮೇಸ್ತ್ರಿ ಮಷಿನ್ ಆಫ್ ಮಾಡಿಸಿ ಫೋನ್ ಮಾಡಿದ್ರು.

ಏನೇನು ನೋಡಿದ್ವಿ

ಮೊದಲನೇ ಕೆಲಸ ಮೇನ್ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ, ಕೀನ ಕೆಲಸ ಮಾಡೋರ ಜೇಬಲ್ಲಿ ಇಟ್ಕೊಳ್ಳೋದು. ಪ್ರೆಷರ್ ಸ್ವಿಚ್ ಇರೋ ಮಷಿನ್ ಸುಮ್ನೆ ನಿಂತಿದೆ ಅಂದ್ರೆ ಆಫ್ ಆಗಿದೆ ಅಂತಲ್ಲ, ಒತ್ತಡ 7ಕ್ಕೆ ಇಳಿದ ಕ್ಷಣ ಅದೇ ಸ್ಟಾರ್ಟ್ ಆಗುತ್ತೆ, ಆಗ ಬೆಲ್ಟ್ ಹತ್ರ ಬೆರಳಿದ್ರೆ ಮುಗೀತು. ನಾವೇ ಟ್ಯಾಂಕ್ ಖಾಲಿ ಮಾಡೋಕೆ ಹೊರಟಿದ್ವಿ ಬೇರೆ, ಅಂದ್ರೆ ಅದು ಸ್ಟಾರ್ಟ್ ಆಗೋ ಪರಿಸ್ಥಿತೀನ ನಾವೇ ತರ್ತಿದ್ವಿ.

ಡ್ರೈನ್ ಕಾಕ್ ನಿಧಾನ ತೆರೆದ್ವಿ. ಮೊದಲು ಬಂದಿದ್ದು ನೀರು, ಕಡು ಕಂದು, ಮೇಲೆ ಎಣ್ಣೆ ತೇಲ್ತಿರೋ ನೀರು, ಬಕೆಟ್ಟಿನ ಕಾಲು ಭಾಗಕ್ಕಿಂತ ಜಾಸ್ತಿ. ಕೈಯಲ್ಲಿ ಉಜ್ಜಿದ್ರೆ ಮರಳಿನ ಥರ ತುಕ್ಕಿನ ಪುಡಿ. ಶಿಫ್ಟ್ ಆದ್ಮೇಲೆ ಯಾರೂ ಡ್ರೈನ್ ಮುಟ್ಟಿರ್ಲಿಲ್ಲ, ಕಾಕ್ ಗೋಡೆ ಕಡೆಗೆ ಸಿಕ್ಕಿಕೊಂಡಿತ್ತು, ಕೈ ಹೋಗೋಕೆ ಮಲಗಬೇಕು. ಕೈಗೆ ಸಿಗದ ಡ್ರೈನನ್ನ ಯಾರೂ ದಿನಾ ತೆರೆಯಲ್ಲ, ಎಷ್ಟು ಬೋರ್ಡ್ ಬರೆದು ಹಾಕಿದ್ರೂ ಅಷ್ಟೇ.

ಇಲ್ಲೊಂದು ಸೂಕ್ಷ್ಮ. ಗೇಜ್ ಮುಳ್ಳು ಸೊನ್ನೆಗೆ ಬಂದು ಪಿನ್ನಿಗೆ ತಾಗಿ ನಿಂತಿತ್ತು, ಡ್ರೈನಿಂದ ಗಾಳಿ ಇನ್ನೂ ಹೋಗ್ತಾನೇ ಇತ್ತು. ಮುಳ್ಳು ನಂಬಿ ಆವಾಗ್ಲೇ ವಾಲ್ವಿಗೋ ಪ್ಲಗ್ಗಿಗೋ ಸ್ಪ್ಯಾನರ್ ಹಾಕಿದ್ರೆ ಕೊನೇ ಸುತ್ತಿಗೆ ಅದು ಮುಖಕ್ಕೇ ಹಾರ್ತಿತ್ತು. ಶಬ್ದ ಪೂರ್ತಿ ನಿಂತ ಮೇಲೂ ಕಾಕ್ ತೆರೆದೇ ಇಟ್ವಿ.

ಸರಿ ಇರೋ ಇನ್ನೊಂದು ಗೇಜ್ ಹಾಕಿ, ಒಂದೇ ಒಂದು ಸಲ ಹುಷಾರಾಗಿ ತುಂಬಿಸಿ ನೋಡಿದ್ವಿ, ಸ್ವಿಚ್ಚಿನ ಕಟ್‌ಆಫ್ ಕೆಳಗೆ ಇಳಿಸಿಯೇ. ಹಳೇ ಗೇಜ್ 1.2 ಬಾರ್ ಕಮ್ಮಿ ತೋರಿಸ್ತಿತ್ತು. ಅಂದ್ರೆ 9.3 ಅಂತ ಅದು ಹೇಳ್ತಿದ್ದಾಗ ಒಳಗೆ ನಿಜಕ್ಕೂ ಇದ್ದಿದ್ದು 10.5. ಎರಡು ವಾಲ್ವೂ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದ್ವು. ಕುಕ್ಕರ್ ಕೂಗಿದ್ದಕ್ಕೆ ವೆಯ್ಟ್ ಮೇಲೆ ಕಲ್ಲು ಇಡೋಕೆ ಹೊರಟಿದ್ದು ನಾವೇ.

ಗೇಜ್ ಯಾಕೆ ಕೆಟ್ಟಿತು? ಅದರೊಳಗೆ ಇರೋದು ಬಾಗಿದ ತೆಳು ಟ್ಯೂಬು, ಸಣ್ಣ ಹಲ್ಲಿನ ಗೇರು. ನಿರಂತರ ನಡುಕಕ್ಕೆ ಅವು ಸವೆದು ಹೋಗ್ತವೆ. ಆ ನಡುಕ ಬರ್ತಿದ್ದು ರಬ್ಬರ್ ಪ್ಯಾಡ್ ಇಲ್ಲದೆ ನೆಲಕ್ಕೆ ಬಿಗಿದ ಕಾಲುಗಳಿಂದ.

ಮುಂದಿನದು ತಿರುಗೋ ದಿಕ್ಕು. ಗಾರ್ಡ್ ಮೇಲೆ ಬಾಣದ ಗುರುತಿತ್ತು, ಧೂಳು ಒರೆಸಿದ್ರೆ ಕಾಣ್ತು. ಮಷಿನ್ ತಿರುಗ್ತಿದ್ದು ಅದಕ್ಕೆ ಉಲ್ಟಾ. ಪಿಸ್ಟನ್ ಕಂಪ್ರೆಸರ್ ಉಲ್ಟಾ ತಿರುಗಿದ್ರೂ ಗಾಳಿ ತುಂಬುತ್ತೆ, ಅದೇ ಮೋಸ. ಆದ್ರೆ ಫ್ಲೈವೀಲಿನ ಕಡ್ಡಿಗಳೇ ಫ್ಯಾನಿನ ಥರ ಪಂಪ್ ಮೇಲೆ ಗಾಳಿ ಬೀಸ್ಬೇಕು, ದಿಕ್ಕು ತಪ್ಪಿದ್ರೆ ಆ ಗಾಳಿ ಹೆಡ್ (ಪಂಪಿನ ಮೇಲ್ಭಾಗ) ಕಡೆ ಬರೋದೇ ಇಲ್ಲ. ಇದರ ಮೇಲೆ ಗೋಡೆ ಗೇಣು ದೂರ, ಕಿಟಕಿ ಇಲ್ಲದ ರೂಮು, ಏರ್ ಫಿಲ್ಟರ್ ತುಂಬ ಪೇಂಟಿನ ಪುಡಿ, ಒಳಗೆ ಕಂಪ್ರೆಸರ್ ಆಯಿಲ್ ಬದಲು ವರ್ಕ್‌ಶಾಪಲ್ಲಿ ಮಿಕ್ಕಿದ್ದ ಎಂಜಿನ್ ಆಯಿಲ್. ಹೆಡ್ ಬಿಚ್ಚಿದಾಗ ಡೆಲಿವರಿ ವಾಲ್ವ್ ಪ್ಲೇಟ್ ಮೇಲೆ ಕಪ್ಪು ಕಾರ್ಬನ್ ಹೊಪ್ಪಳೆ ಕಟ್ಟಿತ್ತು, ಅದರ ಚೂರೇ ಹೋಗಿ ಎನ್‌ಆರ್‌ವಿ ಸೀಟಲ್ಲಿ ಸಿಕ್ಕಿಕೊಂಡು ಅದನ್ನ ಮುಚ್ಚೋಕೆ ಬಿಡ್ತಿರ್ಲಿಲ್ಲ. ಈ ಕಾರ್ಬನ್ ಬರೀ ಲೀಕಿನ ವಿಷಯ ಅಲ್ಲ, ಬಿಸಿ ಡೆಲಿವರಿ ಲೈನಲ್ಲಿ ಎಣ್ಣೆ ಜೊತೆ ಸೇರಿ ಹೊತ್ತಿಕೊಳ್ಳೋ ಸಾಧ್ಯತೆ ಇರುತ್ತೆ.

ಗನ್ನಲ್ಲಿ ನೀರು ಬರೋದಕ್ಕೂ ಕಾರಣ ಈ ಬಿಸಿನೇ. ಬಿಸಿ ಗಾಳಿ ತೇವ ಹೊತ್ಕೊಂಡು ಹೋಗುತ್ತೆ, ಟ್ಯಾಂಕಲ್ಲಿ ತಣ್ಣಗಾಗಿ ಬಿಡ್ಬೇಕಾದ ನೀರನ್ನ ಪೈಪಲ್ಲಿ, ಗನ್ನಲ್ಲಿ ಬಿಡುತ್ತೆ. ಟ್ಯಾಂಕಲ್ಲಿ ಬಿಟ್ಟ ಅಷ್ಟಿಷ್ಟನ್ನೂ ಯಾರೂ ತೆಗೆದಿರ್ಲಿಲ್ಲ.

ಕೊನೇ ಬೇ ಪ್ರೆಷರ್ ಕಥೆ ಇನ್ನೂ ಸರಳ. ಯಾರೂ ಬಳಸದೇ ಇದ್ದಾಗ ಅಲ್ಲಿನ ಗೇಜ್ ಟ್ಯಾಂಕಿನಷ್ಟೇ ತೋರಿಸ್ತಿತ್ತು, ಗನ್ನಿನ ಟ್ರಿಗರ್ ಒತ್ತಿದ್ರೆ ಧಡ್ ಅಂತ ಬೀಳ್ತಿತ್ತು. 6 ಎಂಎಂ ಹೋಸು, ಅದೂ ಉದ್ದ, ಮಧ್ಯೆ ಮೂರ್ನಾಲ್ಕು ಕ್ವಿಕ್ ಕಪ್ಲರ್. ಟ್ಯಾಂಕಲ್ಲಿ ಎಷ್ಟೇ ಏರಿಸಿದ್ರೂ ಸಣ್ಣ ದಾರೀಲಿ ಕಳೆದುಹೋಗುತ್ತೆ. ಒಂದು ಬಾರ್ ಏರಿಸಿದ್ರೆ ಕರೆಂಟ್ ಸುಮಾರು 7 ಪರ್ಸೆಂಟ್ ಜಾಸ್ತಿ ತಿನ್ನುತ್ತೆ, ಲಾಭ ಅಷ್ಟಕ್ಕಷ್ಟೇ. 10 ಎಂಎಂ ಹೋಸ್ ಹಾಕಿದ್ಮೇಲೆ ಪ್ರೆಷರ್ ಸ್ವಿಚ್ ಮುಟ್ಟೋ ಅಗತ್ಯವೇ ಬರ್ಲಿಲ್ಲ.

ಕಾಲಿನ ಹತ್ರ ಒಂದು ಗೆರೆ

ಇಷ್ಟೊತ್ತಿಗೆ ಎಲ್ಲರಿಗೂ ಖುಷಿ, ಎಲ್ಲ ಸಿಕ್ತಲ್ಲ, ದಿಕ್ಕು ಸರಿ ಆಗೋಕೆ ಎರಡು ಫೇಸ್ ವೈರ್ ಅದಲು ಬದಲು ಮಾಡಿ, ಆಯಿಲ್ ಹಾಕಿ, ಶುರು ಮಾಡೋಣ ಅಂತ. ಮಷಿನನ್ನ ಜರುಗಿಸೋಕೆ ಆಂಕರ್ ನಟ್ ಸಡಿಲ ಮಾಡಿದ್ರೆ ಆ ತೇಲ್ತಿದ್ದ ಕಾಲು ಟಕ್ ಅಂತ ಮೇಲೆದ್ದಿತು. ಅಷ್ಟು ದಿನ ಅಷ್ಟೂ ಎಳೆತ ಆ ಕಾಲಿನ ವೆಲ್ಡಿಂಗ್ ಮೇಲೆ ಇತ್ತು ಅಂತಾಯ್ತು. ಟಾರ್ಚ್ ಹಾಕಿ ನೋಡಿದ್ರೆ ವೆಲ್ಡಿಂಗ್ ಅಂಚಲ್ಲಿ, ಟ್ಯಾಂಕಿನ ಮೈ ಕಡೆ, ಕೂದಲಷ್ಟು ಸಣ್ಣ ಕಂದು ಗೆರೆ. ಪೇಂಟ್ ಬಿಟ್ಟಿದೆ ಅಂತ ಬಿಟ್ಟುಬಿಡಬಹುದಿತ್ತು. ಪೇಂಟ್ ಕೆರೆದು ಡೈ ಪೆನೆಟ್ರೆಂಟ್ ಹಾಕಿಸಿದ್ವಿ, ಕೆಂಪು ಬಣ್ಣ ಹಚ್ಚಿ ಒರೆಸಿ ಮೇಲೆ ಬಿಳಿ ಡೆವಲಪರ್ ಹೊಡೆದ್ರೆ ಬೆರಳುದ್ದ ಕೆಂಪು ಗೆರೆ ಎದ್ದು ಬಂತು. ಬಿರುಕು.

ಓನರ್ ಕೇಳಿದ್ದು ಸಹಜವಾದ ಪ್ರಶ್ನೆ, "ವರ್ಕ್‌ಶಾಪಲ್ಲೇ ವೆಲ್ಡರ್ ಇದಾನೆ, ಒಂದು ರನ್ ಹೊಡೆಸಿದ್ರಾಯ್ತಲ್ಲ?" ದಿನಾ ಚಾಸಿಗೆ ವೆಲ್ಡ್ ಮಾಡೋ ಕಡೆ ಈ ಮಾತು ಬರೋದು ತಪ್ಪೇನಲ್ಲ. ಆದ್ರೆ ಪ್ರೆಷರ್ ಟ್ಯಾಂಕಿನ ಮೈ ಮೇಲೆ ಹಾಗೆ ವೆಲ್ಡ್ ಮಾಡಿದ್ರೆ ಬಿರುಕಿನ ತುದಿ ಒಳಗೇ ಉಳೀಬಹುದು, ಪಕ್ಕದ ಲೋಹ ಬಿಸಿಗೆ ಗಡುಸಾಗಿ ಹೊಸ ಜಾಗದಲ್ಲಿ ಸೀಳಬಹುದು, ಹೊರಗೆ ನೋಡೋಕೆ ಮಾತ್ರ ಚೆನ್ನಾಗಿ ಕಾಣುತ್ತೆ. ಅಂಥ ರಿಪೇರಿ ಮಾಡೋಕೆ ಅನುಮತಿ ಇರೋರು, ಅದಕ್ಕೆ ತಕ್ಕ ವಿಧಾನ, ಆಮೇಲೆ ಪರೀಕ್ಷೆ, ಇಷ್ಟೂ ಬೇಕು.

ಅವರಿಗೆ ನಂಬಿಕೆ ಬಂದಿದ್ದು ಲೆಕ್ಕ ಹೇಳಿದಾಗ. 250 ಲೀಟರ್ ಟ್ಯಾಂಕಲ್ಲಿ 10 ಬಾರ್ ಗಾಳಿ ಅಂದ್ರೆ ಒಂದು ಟನ್ ತೂಕಾನ 20 ಮೀಟರ್ ಎತ್ತರಕ್ಕೆ ಎತ್ತೋವಷ್ಟು ಶಕ್ತಿ, ಸೀಳಿದ್ರೆ ಅಷ್ಟೂ ಒಂದೇ ಕ್ಷಣದಲ್ಲಿ ಹೊರಗೆ ಬರುತ್ತೆ. ನೀರು ತುಂಬಿಸಿ ಅದೇ ಒತ್ತಡ ಕೊಟ್ರೆ ಬಿರುಕು ಬಾಯಿ ಬಿಟ್ಟು ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತೆ, ಯಾಕಂದ್ರೆ ನೀರು ಕುಗ್ಗೋದೇ ಇಲ್ಲ ಅನ್ನೋವಷ್ಟು ಕಮ್ಮಿ. ಟ್ಯಾಂಕನ್ನ ನೀರಲ್ಲೇ ಟೆಸ್ಟ್ ಮಾಡೋದು ಇದೇ ಕಾರಣಕ್ಕೆ. "ಸ್ವಲ್ಪ ಗಾಳಿ ಜಾಸ್ತಿ ತುಂಬಿ ತಡೆಯುತ್ತಾ ನೋಡೋಣ" ಅಂತ ಒಬ್ಬರು ಅಲ್ಲೇ ಅಂದ್ರು, ಅದಕ್ಕಿಂತ ಕೆಟ್ಟ ಐಡಿಯಾ ಆ ದಿನ ಬೇರೆ ಯಾವುದೂ ಬರ್ಲಿಲ್ಲ.

ಜೊತೆಗೆ ಥಿಕ್‌ನೆಸ್ ಮೀಟರ್ ಇಟ್ಟು ನೋಡಿದ್ವಿ. ಮೇಲ್ಭಾಗ 5 ಎಂಎಂ ಹತ್ರ ಇದ್ದದ್ದು ತಳದಲ್ಲಿ, ನೀರು ನಿಂತ ಜಾಗದಲ್ಲಿ, ಕೆಲವು ಕಡೆ 3.5ಕ್ಕೆ ಇಳಿದಿತ್ತು. ಆಮೇಲೆ ವಾದ ಮುಂದುವರೀಲಿಲ್ಲ. ಪಂಪು, ಮೋಟರ್ ಇಟ್ಕೊಂಡು ಟ್ಯಾಂಕ್ ಮಾತ್ರ ಹೊಸದು, ಟೆಸ್ಟ್ ಸರ್ಟಿಫಿಕೇಟ್ ಇರೋದು, ಅಂತ ತೀರ್ಮಾನ ಆಯ್ತು.

ಈಗ ಆ ಡಮ್ಮಿ ಪ್ಲಗ್ ಬಗ್ಗೆ ಒಂದ್ಸಲ ಯೋಚಿಸಿ. ಬಿರುಕು ಬಿಟ್ಟ, ತಳ ತೆಳ್ಳಗಾದ ಟ್ಯಾಂಕು, 1.2 ಕಮ್ಮಿ ಹೇಳೋ ಗೇಜು, ಆ ಗೇಜ್ ನೋಡ್ಕೊಂಡು ಏರಿಸಿದ ಪ್ರೆಷರ್ ಸ್ವಿಚ್ಚು. ಸ್ವಿಚ್ಚಿನ ಕಾಂಟ್ಯಾಕ್ಟ್ ಒಂದ್ಸಲ ಅಂಟಿಕೊಂಡ್ರೆ ಮೋಟರ್ ನಿಲ್ಲೋದೇ ಇಲ್ಲ. ರಿಲೇ ಕೂಡ ಮೇಲೆ ಏರಿಸಿಟ್ಟಿದ್ರು, ಅದೂ ಬೇಗ ಟ್ರಿಪ್ ಆಗಲ್ಲ. ಉಳಿದಿದ್ದ ಒಂದೇ ಕಾವಲು ಆ ವಾಲ್ವ್, ಅದನ್ನೇ ಮುಚ್ಚೋದ್ರಲ್ಲಿದ್ರು. ಟ್ಯಾಂಕಿಗೂ ಸೇಫ್ಟಿ ವಾಲ್ವಿಗೂ ನಡುವೆ ಒಂದು ಬಾಲ್ ವಾಲ್ವ್ ಕೂಡ ಇರಬಾರ್ದು ಅನ್ನೋ ನಿಯಮ ಸುಮ್ನೆ ಬಂದಿದ್ದಲ್ಲ.

ಮತ್ತೆ ಕೂರಿಸಿದ್ದು

ಜಾಗ ಬದಲಾಯಿಸಿದ್ವಿ, ಪೇಂಟ್ ಬೂತಿಂದ ದೂರ, ತಂಪು ಗಾಳಿ ಆಡೋ ಕಡೆ. ಥಿನ್ನರ್ ಆವಿ ಇರೋ ಕಡೆ ಕಿಡಿ ಹಾರಿಸೋ ಸ್ವಿಚ್ಚು ಇಡೋದೇ ತಪ್ಪು, ಅದು ಬೇರೆ ಮಾತು. ಗಾರ್ಡ್ ಇರೋ ಕಡೆ ಗೋಡೆಯಿಂದ 45 ಸೆಂ.ಮೀ. ಬಿಟ್ವಿ. ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್, ಮೊದಲು ಸಂದಿಗೆ ತಗಡಿನ ಶಿಮ್ (ತೆಳು ತುಂಡು) ಕೊಟ್ಟು ನಾಲ್ಕೂ ಕಾಲು ತಾವಾಗೇ ಕೂತ ಮೇಲೆನೇ ಬೋಲ್ಟ್, ಅದೂ ಮಷಿನ್ ಜರುಗದಷ್ಟು ಮಾತ್ರ, ಎಳೆಯೋಕಲ್ಲ. ಟ್ಯಾಂಕ್ ಡ್ರೈನ್ ಕಡೆಗೆ ಚೂರು ಇಳಿಜಾರು, ಡ್ರೈನಿಗೆ ಒಂದು ತುಂಡು ಪೈಪ್ ಹಾಕಿ ಮುಂದಕ್ಕೆ ತಂದ್ವಿ, ನಿಂತ್ಕೊಂಡೇ ತೆರೆಯೋ ಹಾಗೆ. ಟ್ಯಾಂಕಿಂದ ಲೈನಿಗೆ ಫ್ಲೆಕ್ಸಿಬಲ್ ಹೋಸ್, ನಡುಕ ಪೈಪಿಗೆ ಹೋಗಬಾರ್ದು ಅಂತ.

ಪೈಪಿನ ವಿಷಯಕ್ಕೆ ಸ್ವಲ್ಪ ಜಗಳ ಆಯ್ತು. ಅಗ್ಗ, ಅಂಟಿಸೋದು ಸುಲಭ ಅಂತ ಪಿವಿಸಿ ಹಾಕೋಣ ಅಂದ್ರು. ಪಿವಿಸಿ ನೀರಿಗೆ ಸರಿ, ಒತ್ತಿದ ಗಾಳಿಗೆ ಬೇಡವೇ ಬೇಡ, ಒಡೆದ್ರೆ ಬಿರುಕು ಬಿಡಲ್ಲ, ಚೂರುಚೂರಾಗಿ ಚಾಕುವಿನ ಹಾಗೆ ಹಾರುತ್ತೆ, ಬಿಸಿಲು, ಎಣ್ಣೆ, ಬಿಸಿ ಗಾಳಿಗೆ ದಿನೇ ದಿನೇ ಇನ್ನೂ ಪೆಡಸಾಗುತ್ತೆ. ಅಮೆರಿಕದ ಕಾರ್ಮಿಕ ಸುರಕ್ಷತೆ ಸಂಸ್ಥೆ 1988ರಲ್ಲೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಕೊನೆಗೆ ಲೋಹದ ಪೈಪೇ ಬಂತು, ಡ್ರೈನ್ ಕಡೆಗೆ ನೂರಕ್ಕೆ ಒಂದರ ಇಳಿಜಾರಲ್ಲಿ, ಪ್ರತಿ ಬೇಗೆ ಇಳಿಯೋ ಲೈನನ್ನ ಮೇನ್ ಪೈಪಿನ ಮೇಲ್ಭಾಗದಿಂದ ತಗೊಂಡು, ತಳದ ನೀರು ಗನ್ನಿಗೆ ಬರದ ಹಾಗೆ.

ಮೊದಲ ಸಲ ಆನ್ ಮಾಡಿದ್ದು ಒಂದೇ ಒಂದು ಸೆಕೆಂಡ್, ಬಾಣದ ದಿಕ್ಕು ನೋಡೋಕೆ. ಆಮೇಲೆ ಟ್ಯಾಂಕ್ ಔಟ್‌ಲೆಟ್ ತೆರೆದಿಟ್ಟು ಖಾಲಿ ಓಡಿಸಿ, ಆಮೇಲೆ ತುಂಬಿಸಿ, 9ಕ್ಕೆ ಆಫ್ ಆಗೋದು, ಪುಸ್ ಅಂದು ನಿಲ್ಲೋದು, ಎರಡನ್ನೂ ನೋಡಿದ್ವಿ. ರಿಲೇ ವಾಪಸ್ 7.5ಕ್ಕೆ.

ಓಡಿಸೋ ಅಭ್ಯಾಸಗಳಲ್ಲಿ ಎಲ್ಲಕ್ಕಿಂತ ಕಷ್ಟ ಆಗಿದ್ದು ಒಂದೇ, ಸಂಜೆ ಹುಡುಗರು ಬ್ಲೋ ಗನ್ನಲ್ಲಿ ಬಟ್ಟೆ ಮೇಲಿನ ಧೂಳು ಹಾರಿಸ್ಕೊಳ್ಳೋದು. ಒತ್ತಡದ ಗಾಳಿ ಗಾಯದ ಮೂಲಕ ರಕ್ತಕ್ಕೆ ಸೇರಬಹುದು, ಕಣ್ಣು ಕಿವಿ ಹೋಗಬಹುದು, ತಮಾಷೆಗೆ ಅಂತ ಹಿಂಬದಿಗೆ ಗಾಳಿ ಬಿಟ್ಟು ಕರುಳು ಹರಿದು ಜೀವ ಹೋದ ಘಟನೆಗಳೂ ಇವೆ. ಹೇಳಿದ್ರೆ ನಗ್ತಾರೆ. ಬ್ಲೋ ಗನ್ ಲೈನಿಗೆ ಪ್ರತ್ಯೇಕ ರೆಗ್ಯುಲೇಟರ್ ಹಾಕಿ 2 ಬಾರಿಗೆ ಇಳಿಸಿ ಅದರ ನಾಬ್ ಲಾಕ್ ಮಾಡಿದ್ದೇ ಹೆಚ್ಚು ಕೆಲಸಕ್ಕೆ ಬಂತು, ಭಾಷಣಕ್ಕಿಂತ.

ಡ್ರೈನ್ ದಿನಾ ಆಗ್ತಿದೆ, ಯಾಕಂದ್ರೆ ಈಗ ಕೈಗೆ ಸಿಗುತ್ತೆ. ಸೇಫ್ಟಿ ವಾಲ್ವಿನ ರಿಂಗ್ ಎಳೆದು ನೋಡೋ ಕೆಲಸ, ಕಿವಿ ಮುಚ್ಚಿಕೊಂಡು ಮುಖ ಪಕ್ಕಕ್ಕೆ ಇಟ್ಕೊಂಡು, ಅದೇ ಹುಡುಗನಿಗೆ ಮೇಸ್ತ್ರಿ ಒಪ್ಪಿಸಿದ್ರು.

ಟ್ರಿಪ್ ನಿಂತಿದೆ. ಹೆಡ್ ಬಿಸಿ ಮಾಮೂಲಿಗೆ ಬಂದಿದೆ. ಪೇಂಟಲ್ಲಿ ನೀರಿನ ಕಂಪ್ಲೇಂಟ್ ಪೂರ್ತಿ ಹೋಗಿಲ್ಲ, ಮಳೆಗಾಲದಲ್ಲಿ ಆವಾಗಾವಾಗ ಇನ್ನೂ ಗುಳ್ಳೆ ಬರುತ್ತೆ, ಅದಕ್ಕೆ ಏರ್ ಡ್ರೈಯರ್ ಬೇಕು, ಓನರ್ ಅದರ ಖರ್ಚು ನೋಡಿ ಮುಂದೆ ಹಾಕ್ತಾನೇ ಇದಾರೆ.

ಹಳೇ ಟ್ಯಾಂಕನ್ನ ಗುಜರಿಗೆ ಹಾಗೇ ಕೊಡೋಕೆ ಮೇಸ್ತ್ರಿ ಒಪ್ಪಲಿಲ್ಲ. ಪೇಂಟ್ ಹೊಡೆದು ಯಾರೋ ಮತ್ತೆ ಮಾರ್ತಾರೆ, ಇನ್ಯಾರೋ ಅದರ ಮೇಲೆ ಪಂಪ್ ಕೂರಿಸ್ತಾರೆ ಅಂತ. ಗ್ಯಾಸ್ ಕಟರ್ ಹಚ್ಚೋದು ಬೇಡ, ಒಳಗೆ ಎಣ್ಣೆ ಆವಿ ಇರುತ್ತೆ ಅಂದು, ಎಲ್ಲ ಪ್ಲಗ್ ಬಿಚ್ಚಿ, ಒಳಗೆ ನೀರು ತುಂಬಿ ತೊಳೆದು, ತಳದಲ್ಲಿ ಐದಾರು ಕಡೆ ದೊಡ್ಡ ತೂತು ಕೊರೆದು, ಪ್ಲೇಟ್ ಕಿತ್ತು ತೆಗೆದ ಮೇಲೇ ಗಾಡಿಗೆ ಹತ್ತಿಸಿದ್ರು.